ಸೂಜಿ ಚುಚ್ಚದೆ ಮಿದುಳಿನ ರಕ್ತಸಂಚಾರದ ನಕ್ಷೆ ತೆಗೆಯುವುದು ಹೇಗೆ?

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು. ಹೃದಯ ಹೊರದೂಡುವ ರಕ್ತದಲ್ಲಿ ಮಾತ್ರ ಸುಮಾರು ಶೇ 15 ಅದಕ್ಕೇ ಬೇಕು. ಆ ರಕ್ತ ಎಲ್ಲೆಲ್ಲಿ ಎಷ್ಟು ತಲುಪುತ್ತಿದೆ ಎಂದು ನೋಡಲು ಚಿತ್ರದಲ್ಲಿ ರಕ್ತ ಎದ್ದು ಕಾಣುವಂತೆ ಮಾಡುವ ಗ್ಯಾಡೋಲಿನಿಯಂ ಎಂಬ ಲೋಹದ ದ್ರಾವಣ ಚುಚ್ಚುವುದು ಅಥವಾ ವಿಕಿರಣ ಸೂಸುವ ವಸ್ತು ಕೊಟ್ಟು ಪೆಟ್ ಸ್ಕ್ಯಾನ್ ಮಾಡುವುದು ರೂಢಿ. ಇವೆರಡೂ ಬೇಡದ ಎಂಆರ್‌ಐ ವಿಧಾನವೇ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಅಂದರೆ ಧಮನಿಯ ರಕ್ತಕ್ಕೇ ಕಾಂತೀಯ ಗುರುತು ಹಾಕುವುದು. ಸಂಶೋಧಕರಾದ ಜಾನ್ ಡೆಟ್ರೆ, ಅಲನ್ ಕೊರೆಟ್‌ಸ್ಕಿ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಇಲಿಗಳ ಮಿದುಳಿನಲ್ಲಿ ಮಾಡಿ ತೋರಿಸಿದರು.

ಮೊದಲು ಸಿದ್ಧತೆ. ಪೇಸ್‌ಮೇಕರ್, ಲೋಹದ ಕ್ಲಿಪ್ ಇದ್ದರೆ ಮುಂಚೆಯೇ ತಿಳಿಸಬೇಕು. ಕಾಫಿ ಕುಡಿದಿದ್ದರೆ ಅದನ್ನೂ ಹೇಳಿ. ಕೆಫೀನ್ ಮಿದುಳಿನ ರಕ್ತಪ್ರವಾಹವನ್ನು ತಗ್ಗಿಸುತ್ತದೆ.

ಆಮೇಲೆ ಗುರುತು ಹಾಕುವುದು. ಕುತ್ತಿಗೆಯ ಮೂಲಕ ಮೇಲೇರುವ ರಕ್ತದ ನೀರಿನಲ್ಲಿರುವ ಹೈಡ್ರೋಜನ್‌ನ ಕಾಂತತ್ವವನ್ನು ರೇಡಿಯೊ ತರಂಗಗಳು ತಿರುಗಿಸಿಬಿಡುತ್ತವೆ. ಇದಕ್ಕೆ ಸುಮಾರು 1.8 ಸೆಕೆಂಡು ಸಾಕು.

ಈಗ ಕಾಯಬೇಕು. ನನ್ನ ಪ್ರಕಾರ ಇಡೀ ಪರೀಕ್ಷೆಯ ಜೀವ ಇಲ್ಲಿದೆ. ಬೇಗ ಚಿತ್ರ ತೆಗೆದರೆ ಗುರುತಾದ ರಕ್ತ ಇನ್ನೂ ಧಮನಿಯಲ್ಲೇ ಇರುತ್ತದೆ: ನಾಳಗಳು ಹೊಳೆಯುತ್ತವೆ, ಅಂಗಾಂಶ ಕಪ್ಪಾಗಿ ಕಾಣುತ್ತದೆ. ತಡಮಾಡಿದರೆ ಗುರುತೇ ಅಳಿಸಿಹೋಗುತ್ತದೆ. 2015ರ ತಜ್ಞರ ಶಿಫಾರಸಿನಂತೆ 70 ದಾಟದ ಆರೋಗ್ಯವಂತರಿಗೆ 1.8 ಸೆಕೆಂಡು, ಅದಕ್ಕಿಂತ ಹಿರಿಯರಿಗೆ ಮತ್ತು ರೋಗಿಗಳಿಗೆ 2 ಸೆಕೆಂಡು ಕಾಯಬೇಕು. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಕಿರಿದಾಗಿದ್ದರೆ ರಕ್ತ ಬಳಸುದಾರಿ ಹಿಡಿದು ಇನ್ನೂ ತಡವಾಗಿ ಬರಬಹುದು. ಹಾಗಾಗಿ ಕಪ್ಪು ಕಂಡಲ್ಲೆಲ್ಲ ರಕ್ತವಿಲ್ಲ ಎಂದು ಹೆದರಬೇಡಿ. ಅನುಮಾನವಿದ್ದರೆ ಬೇರೆ ಬೇರೆ ಅವಧಿ ಕಾದು ಹಲವು ಚಿತ್ರ ತೆಗೆಯುತ್ತಾರೆ.

ಗುರುತು ಹಾಕದೆಯೂ ಒಂದು ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಉಳಿಯುವ ವ್ಯತ್ಯಾಸ ಶೇ 1ರ ಆಸುಪಾಸು. ಇಷ್ಟು ಸಣ್ಣ ಸಂಕೇತ ತಲೆ ಸ್ವಲ್ಪ ಅಲುಗಿದರೂ ಕೆಡುತ್ತದೆ. ಅದಕ್ಕೇ ಕೆಲವು ನಿಮಿಷ ಜೋಡಿ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುವುದು; ಅಷ್ಟು ಹೊತ್ತು ಅಲ್ಲಾಡದೆ ಮಲಗುವುದೇ ನಿಮ್ಮ ಕೆಲಸ.

ಕೊನೆಗೆ ಲೆಕ್ಕ. 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದು ನಕ್ಷೆ ಹೇಳುತ್ತದೆ. ವಯಸ್ಕರ ಮಿದುಳಿನ ಬೂದು ಭಾಗದಲ್ಲಿ 40ರಿಂದ 100 ಇರಬಹುದು. ಬಿಳಿ ಭಾಗದಲ್ಲಿ ಬಹಳ ಕಡಿಮೆ. ಒಂದೊಂದು ಧಮನಿಗೂ ಬೇರೆಯಾಗಿ ಗುರುತು ಹಾಕಿದರೆ ಯಾವುದು ಯಾವ ಭಾಗವನ್ನು ಪೋಷಿಸುತ್ತಿದೆ ಎಂಬುದೂ ತಿಳಿಯುತ್ತದೆ. ಮುಂದೆ ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ಹಳೆಯ ವರದಿ ಒಯ್ಯಿರಿ. ಕಾಯುವ ಅವಧಿ ಅಷ್ಟೇ ಇಟ್ಟರೆ ಹೋಲಿಕೆ ಸರಿಯಾಗುತ್ತದೆ.