ಅಂಟಿಸುವುದು ಕೊನೆಯ ಕೆಲಸ

ನಾನು ಮಾಡಿದ ಮೊದಲ ಸ್ಕ್ರ್ಯಾಪ್‌ಬುಕ್ಕನ್ನು ಕೊನೆಗೆ ನಾನೇ ಬಿಚ್ಚಬೇಕಾಯಿತು. ಪೂರ್ತಿ ಬಿಚ್ಚೋಕೂ ಆಗಲಿಲ್ಲ. ಅರ್ಧ ಫೋಟೋಗಳು ಹಾಳೆಯನ್ನೂ ಕಿತ್ತುಕೊಂಡೇ ಬಂದವು.

ಆರು ವರ್ಷದ ಹಿಂದೆ ಬಸವನಗುಡಿಯ ಹಳೆ ಮನೆ ಖಾಲಿ ಮಾಡಿ ಉತ್ತರಹಳ್ಳಿಯ ಫ್ಲಾಟಿಗೆ ಬಂದೆವು. ಆಗ ಅಟ್ಟದಿಂದ ಅಮ್ಮನ ತಗಡಿನ ಟ್ರಂಕ್ ಇಳಿಯಿತು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಟ್ರಂಕಿನಲ್ಲಿ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅಂತ ಕೇಳಬೇಕು. ವಾರಪತ್ರಿಕೆಯಿಂದ ಕತ್ತರಿಸಿದ ರಂಗೋಲಿ, ಸ್ವೆಟರ್ ಹೆಣೆಯುವ ಲೆಕ್ಕ, ಹಾಗಲಕಾಯಿ ಗೊಜ್ಜು ಮಾಡುವ ವಿಧಾನ. ಧಾರಾವಾಹಿಯ ಪುಟಗಳನ್ನು ವಾರವಾರ ಕೂಡಿಟ್ಟು ದಬ್ಬಳದಲ್ಲಿ ಹೊಲಿದ ಪುಸ್ತಕ. ಇನ್‌ಲ್ಯಾಂಡ್ ಲೆಟರು, ಬಸ್ ಟಿಕೆಟ್ಟು, ಮದುವೆ ಕರೆಯೋಲೆ, ನಮ್ಮೆಲ್ಲರ ಮಾರ್ಕ್ಸ್ ಕಾರ್ಡು. ಜೊತೆಗೆ ಸುಮಾರು ನಾನೂರು ಫೋಟೋ.

ನನಗೆ ಹುರುಪು ಬಂತು. ಗಾಂಧಿಬಜಾರಿನಿಂದ ಸ್ಕೂಲ್ ಮಕ್ಕಳ ಬಣ್ಣದ ಹಾಳೆಯ ಸ್ಕ್ರ್ಯಾಪ್‌ಬುಕ್ ಮೂರು ತಂದೆ, ಬಿಳಿ ಗೋಂದಿನ ದೊಡ್ಡ ಡಬ್ಬ ಒಂದು ತಂದೆ. ಭಾನುವಾರ ಬೆಳಿಗ್ಗೆ ಕೂತು ಅಂಟಿಸಿದ್ದೇ ಅಂಟಿಸಿದ್ದು. ಸಂಜೆ ಹೊತ್ತಿಗೆ ಒಂದು ಪುಸ್ತಕ ಮುಗಿಯಿತು. ಗೋಂದಿನ ನೀರಿಗೆ ಪೇಪರ್ ಕಟಿಂಗ್‌ಗಳು ಸುಕ್ಕಾದವು, ಹಾಳೆಗಳು ಒಣಹಾಕಿದ ಹಪ್ಪಳದ ಹಾಗೆ ಎದ್ದವು. ಕೆಂಪು ಹಾಳೆಯ ಬಣ್ಣ ಅಲ್ಲಲ್ಲಿ ಬಿಟ್ಟಿತು. ಅದೆಲ್ಲ ಹೋಗಲಿ. ರಾತ್ರಿ ಮಲಗುವಾಗ ನೆನಪಾಯಿತು, ಕೆಲವು ಫೋಟೋಗಳ ಹಿಂದೆ ಅಮ್ಮ ಏನೋ ಬರೆದಿದ್ದರು. ಓದಿರಲೇ ಇಲ್ಲ. ಅದರ ಮೇಲೇ ಗೋಂದು ಬಳಿದಿದ್ದೆ.

ಈಗ ನನ್ನ ಬೀರುವಿನಲ್ಲಿ ಹನ್ನೊಂದು ರಿಂಗ್ ಫೈಲುಗಳಿವೆ. ಕಂಪ್ಯೂಟರಿನಲ್ಲಿ ಅವುಗಳದೇ ಜೋಡಿ ಇದೆ. ಎಲ್ಲದರಲ್ಲೂ ಅಂಟಿಸುವುದು ಕೊನೆಯ ಕೆಲಸ. ಎಷ್ಟೋ ಪುಟಗಳಲ್ಲಿ ಅಂಟಿಸುವುದೇ ಇಲ್ಲ.

ಶುರು ಮಾಡುವುದು ಖಾಕಿ ಲಕೋಟೆಯಿಂದ. ಮೊದಲು ಆಳಿಗೊಂದು ಲಕೋಟೆ ಅಂತ ವಿಂಗಡಿಸಲು ಹೋದೆ. ಒಂದು ಫೋಟೋದಲ್ಲಿ ಆರು ಜನ ಇದ್ದರೆ ಅದು ಯಾರ ಲಕೋಟೆಗೆ ಹೋಗಬೇಕು? ಆಮೇಲೆ ವರ್ಷದ ಲೆಕ್ಕಕ್ಕೆ ಬಂದೆ. ಒಂದು ವಸ್ತುವಿಗೆ ಒಂದೇ ವರ್ಷ ಅಲ್ವಾ, ಜಗಳವಿಲ್ಲ. ಹತ್ತು ವರ್ಷಕ್ಕೊಂದು ದೊಡ್ಡ ಲಕೋಟೆ, ಅದರೊಳಗೆ ಗೊತ್ತಿದ್ದರೆ ವರ್ಷಕ್ಕೊಂದು ಚಿಕ್ಕದು. ಉಳಿದದ್ದಕ್ಕೆ 'ಗೊತ್ತಿಲ್ಲ' ಅಂತ ಬರೆದ ಲಕೋಟೆ. ಎಲ್ಲಕ್ಕಿಂತ ದಪ್ಪವಾಗಿದ್ದು ಅದೇ.

ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟಿದ್ದು ಆ ದಪ್ಪ ಲಕೋಟೆಯನ್ನು ಕರಗಿಸುವುದು. ತಾರೀಕಿಲ್ಲದ ಕಾಗದವೂ ಏನಾದರೊಂದು ಬಾಯಿ ಬಿಡುತ್ತದೆ. ಲಕೋಟೆಯ ಮೇಲೆ 'ಬೆಂಗಳೂರು-4' ಎಂದಷ್ಟೇ ಇದ್ದು ಆರಂಕಿಯ ಪಿನ್‌ಕೋಡ್ ಇಲ್ಲದಿದ್ದರೆ ಅದು 1972ಕ್ಕಿಂತ ಹಳೆಯದಿರಬಹುದು. ಪಿನ್‌ಕೋಡ್ ಜಾರಿಗೆ ಬಂದಿದ್ದು ಆ ವರ್ಷದ ಆಗಸ್ಟ್ 15ರಂದು. 'ಇರಬಹುದು' ಅಂದಿದ್ದು ಯಾಕೆಂದರೆ, ನಮ್ಮ ತಾತ ಕೊನೆಯವರೆಗೂ ಬರೀ ನಾಲ್ಕು ಅಂತಲೇ ಬರೆದರು! ಆದರೆ 560004 ಅಂತ ಇದ್ದರೆ ಅದಕ್ಕೆ ಮುಂಚಿನದಂತೂ ಅಲ್ಲ. ಅಪ್ಪನ ಆಫೀಸಿನ ಅಚ್ಚು ಕಾಗದದಲ್ಲಿ 'ಮೈಸೂರು ರಾಜ್ಯ' ಎಂದಿತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ಆ ಕಾಗದ ಅಚ್ಚಾಗಿದ್ದು ಅದಕ್ಕೆ ಮೊದಲು. ಬಸ್ ಟಿಕೆಟ್ಟಿನಲ್ಲಿ ಬಿಟಿಎಸ್ (ಬೆಂಗಳೂರಿನ ಸಿಟಿ ಬಸ್ಸಿಗೆ ಆಗಿದ್ದ ಹೆಸರು) ಅಂತಿದ್ದರೆ ಅದು ಬಿಎಂಟಿಸಿ ಹುಟ್ಟುವುದಕ್ಕೆ ಮುಂಚಿನ ಕಾಲದ್ದು. ಬಿಎಂಟಿಸಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿದ್ದು 1997ರಲ್ಲಿ. ದೊಡ್ಡಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ರಾಶಿಯ ಪಕ್ಕ ನಾವು ನಿಂತ ಫೋಟೋ ಒಂದಿದೆ. ಅಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕದ ಕೊನೆಯ ಸೋಮವಾರದ ಸುತ್ತ, ಹಾಗಾಗಿ ನವೆಂಬರೋ ಡಿಸೆಂಬರೋ ಇರಬೇಕು. ತಮ್ಮನ ಬಾಯಲ್ಲಿ ಮುಂದಿನ ಹಲ್ಲಿಲ್ಲ, ಅಂದರೆ ಅವನಿಗೆ ಆರೋ ಏಳೋ ವರ್ಷ. 1984 ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಊಹೆಗೆ ಪ್ರಶ್ನೆ ಚಿಹ್ನೆ ಹಾಕಲೇಬೇಕು. ಇಲ್ಲದಿದ್ದರೆ ಎರಡು ವರ್ಷ ಕಳೆದ ಮೇಲೆ ನಮಗೇ ಅದು ಸತ್ಯ ಅನಿಸಿಬಿಡುತ್ತದೆ.

ಪೇಪರ್ ಕಟಿಂಗ್‌ನ ಹಿಂಬದಿಯನ್ನೂ ನೋಡಿ. ಅಮ್ಮ ಕತ್ತರಿಸಿದ ಒಂದು ರಂಗೋಲಿಯ ಬೆನ್ನಿಗೆ ಸಿನಿಮಾ ಜಾಹೀರಾತು ಅರ್ಧ ಸಿಕ್ಕಿತು. ವರ್ಷ ಹಿಡಿಯಲು ಅಷ್ಟು ಸಾಕಾಯಿತು. ನಾನೀಗ ಏನು ಕತ್ತರಿಸಿದರೂ, ಕತ್ತರಿ ಹಾಕುವ ಮೊದಲೇ ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಕು ಪೆನ್ಸಿಲಿನಲ್ಲಿ ಬರೆಯುತ್ತೇನೆ.

ಇನ್ನು ಸ್ಕ್ಯಾನು. ಮೊದಲು ಒಂದು ಸ್ಟುಡಿಯೋಗೆ ಐವತ್ತು ಫೋಟೋ ಕೊಟ್ಟಿದ್ದೆ. ಚಿಕ್ಕ ಚಿಕ್ಕ ಫೈಲು ಮಾಡಿ ಕೊಟ್ಟರು, ಹಿಂಬದಿ ಮುಟ್ಟಿಯೇ ಇರಲಿಲ್ಲ. ಆಮೇಲೆ ಎಸ್‌ಪಿ ರೋಡಿಗೆ ಹೋಗಿ ಗಾಜಿನ ಮೇಲೆ ಮಲಗಿಸುವಂಥ ಸ್ಕ್ಯಾನರ್ ತಂದೆ. ಕಾಗದಪತ್ರಕ್ಕೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಸಾಕು. ಫೋಟೋಗೆ ನಾನು 600 ಇಡುತ್ತೇನೆ. ಮೂರೂವರೆ ಇಂಚು ಅಗಲ ಐದು ಇಂಚು ಉದ್ದದ ಹಳೆ ಫೋಟೋ ಆಗ 2100ಕ್ಕೆ 3000 ಪಿಕ್ಸೆಲ್ ಆಗುತ್ತದೆ. ಅದರ ಎರಡರಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿದರೂ ಚೆನ್ನಾಗಿ ಬರುತ್ತದೆ. ಹಿಂಬದಿಯಲ್ಲಿ ಒಂದೇ ಅಕ್ಷರ ಇದ್ದರೂ ಅದನ್ನೂ ಸ್ಕ್ಯಾನ್ ಮಾಡುತ್ತೇನೆ. ಸ್ಕ್ಯಾನರ್ ಇಲ್ಲದವರು ಮೊಬೈಲಲ್ಲೇ ತೆಗೆಯಬಹುದು. ಬಿಸಿಲು ನೇರ ಬೀಳದ ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಆರಿಸಿ.

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಮ್ ನೆನಪಿದೆಯಾ? ನಮ್ಮ ಮದುವೆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅದೇ. ಅದರ ಅಂಟು ಫೋಟೋವನ್ನು ಬಿಡುವುದಿಲ್ಲ. ಉಗುರಲ್ಲಿ ಎಬ್ಬಿಸಲು ಹೋಗಿ ನನ್ನ ಮಾವನವರ ಭುಜ ಹರಿಯಿತು. ಈಗ ಮೊದಲು ಇಡೀ ಪುಟವನ್ನು ಇದ್ದ ಹಾಗೇ ಸ್ಕ್ಯಾನ್ ಮಾಡುತ್ತೇನೆ. ಆಮೇಲೆ ಹಲ್ಲಿನ ಸಂದಿ ತಿಕ್ಕುವ ದಾರವನ್ನು ಫೋಟೋ ಕೆಳಗೆ ತೂರಿಸಿ, ಮೆಲ್ಲಗೆ ಗರಗಸದ ಹಾಗೆ ಆಚೀಚೆ ಎಳೆಯುತ್ತೇನೆ. ಮುಕ್ಕಾಲು ಪಾಲು ಎದ್ದು ಬರುತ್ತವೆ. ಬಾರದಿದ್ದರೆ ಬಿಟ್ಟುಬಿಡುವುದು.

ಇಲ್ಲಿ ನನ್ನ ದೊಡ್ಡ ತಪ್ಪೊಂದನ್ನು ಹೇಳಬೇಕು. 1999ರಲ್ಲಿ ಮಗಳು ಹೊಟ್ಟೆಯಲ್ಲಿದ್ದಾಗ ಮಾಡಿಸಿದ ಸ್ಕ್ಯಾನಿಂಗ್ ಚಿತ್ರ ನನ್ನ ಹತ್ತಿರ ಇತ್ತು. ಮಾಸುತ್ತಿದೆ ಅಂತ ಲ್ಯಾಮಿನೇಷನ್ ಮಾಡಿಸಲು ಕೊಟ್ಟೆ. ಯಂತ್ರದ ಈ ಕಡೆಯಿಂದ ಮಗು ಹೋಯಿತು, ಆ ಕಡೆಯಿಂದ ಕಪ್ಪು ಹಾಳೆ ಬಂತು. ಅಂಗಡಿ ಹುಡುಗನ ತಪ್ಪಿಲ್ಲ. ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ, ಲ್ಯಾಮಿನೇಷನ್ ಯಂತ್ರವೋ ಒಲೆಯಷ್ಟು ಬಿಸಿ. ಅಂಗಡಿ ಬಿಲ್ಲು, ಎಟಿಎಂ ಚೀಟಿ, ಕಂಡಕ್ಟರ್ ಮೆಷಿನ್ನಿಂದ ಕೊಡುವ ಟಿಕೆಟ್ಟು, ಎಲ್ಲವೂ ಅದೇ ಜಾತಿ. ಬಿಸಿ ತಾಗಿದರೆ ಕಪ್ಪಾಗುತ್ತವೆ, ಸುಮ್ನೆ ಇಟ್ಟರೆ ಬಿಳಿಚಿಕೊಳ್ಳುತ್ತವೆ, ಗೋಂದು ತಾಗಿದರೆ ಇನ್ನೂ ಬೇಗ. ಕೈಗೆ ಬಂದ ದಿನವೇ ಸ್ಕ್ಯಾನ್ ಮಾಡಿ, ಪುಟಕ್ಕೆ ಅದರ ಪ್ರಿಂಟ್ ಹಾಕಬೇಕು. ನಾನು ಆ ಕಪ್ಪು ಹಾಳೆಯನ್ನು ಹಾಗೇ ಫೈಲಿಗೆ ಹಾಕಿದ್ದೇನೆ. ಪಕ್ಕದಲ್ಲಿ ಅದರಲ್ಲಿ ಏನು ಕಾಣುತ್ತಿತ್ತು ಅಂತ ಬರೆದಿದ್ದೇನೆ. ಮಗಳು ನೋಡಿ, "ಅಮ್ಮಾ, ಕರೆಂಟ್ ಹೋದಾಗ ತೆಗೆದಿದ್ದಾ?" ಅಂದಳು.

ವಸ್ತುವೇ ಇಲ್ಲದ ಪುಟಗಳೂ ಇವೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಶುರುವಾದ ದಿನ ಎಂಜಿ ರೋಡಿನಿಂದ ಬೈಯಪ್ಪನಹಳ್ಳಿಗೆ ಸುಮ್ನೆ ಹೋಗಿ ಬಂದೆವು. ಟೋಕನ್ನನ್ನು ಗೇಟೇ ನುಂಗಿಬಿಟ್ಟಿತು. ಅಂಟಿಸಲು ಏನೂ ಉಳಿಯಲಿಲ್ಲ. ಆ ಪುಟದಲ್ಲಿ ಬರೀ ಬರವಣಿಗೆ.

ಬರೆಯಲು ಗೊತ್ತಿರಬೇಕಲ್ಲ. ಗೊತ್ತಿರುವವರು ರಾಜಾಜಿನಗರದ ದೊಡ್ಡಮ್ಮ. ಅವರಿಗೆ ಎಂಬತ್ತಾರು. ಫೋಟೋ ಕೈಗೆ ಕೊಟ್ಟರೆ "ಕಾಣ್ಸಲ್ಲ ಹೋಗೇ" ಅನ್ನುತ್ತಿದ್ದರು. ಸ್ಕ್ಯಾನ್ ಮಾಡಿದ್ದನ್ನು ಟ್ಯಾಬಿನಲ್ಲಿ ದೊಡ್ಡದು ಮಾಡಿ ತೋರಿಸಿದ ಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು.

"ದೊಡ್ಡಮ್ಮ, ಬಲಗಡೆ ನಿಂತಿರೋರು ಯಾರು?"

"ಅವಳ ಮುಖ ಬಿಡು, ಆ ಸರ ನೋಡು. ಅದು ನಂದು ಕಣೇ. ನಿಮ್ಮಮ್ಮನ ಮದ್ವೇಲಿ ಪದ್ದು ಹಾಕ್ಕೊಂಡು ವಾಪಸ್ ಕೊಡೋಕೆ ಮೂರು ತಿಂಗಳು ಮಾಡಿದ್ಲು."

ಒಂದು ಸರದಿಂದ ಆಳೂ ಸಿಕ್ಕಿದರು, ವರ್ಷವೂ ಸಿಕ್ಕಿತು. ಅಂದಿನಿಂದ ನಾನು "ಇದು ಯಾರು" ಅಂತ ಕೇಳುವುದಕ್ಕಿಂತ ಸೀರೆ, ಒಡವೆ, ಬಾಗಿಲು, ಕುರ್ಚಿ ಯಾರದು ಅಂತ ಕೇಳುವುದೇ ಜಾಸ್ತಿ. ಅವರಿಗೆ ಹೇಳಿಯೇ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮನೆಗೆ ಬಂದು ಕೇಳಿ, ಎರಡು ಮೂರು ಸಾಲು ಬರೆಯುತ್ತೇನೆ. ಪದ್ದು ಸರದ ಕಥೆಯನ್ನು ಮಾತ್ರ ದೊಡ್ಡಮ್ಮ ಹೇಳಿದ ಹಾಗೇ ಬರೆದಿದ್ದೇನೆ.

ಕಂಪ್ಯೂಟರಿನ ಕಡೆ ನನ್ನ ವ್ಯವಸ್ಥೆ ತುಂಬಾ ಸರಳ. ಫೈಲಿನ ಹೆಸರು ವರ್ಷದಿಂದ ಶುರು, ಆಮೇಲೆ ತಿಂಗಳು, ದಿನ, ವಿಷಯ, ಕೊನೆಗೆ ಪುಟದ ನಂಬರು: 1984-11-00-ಪರಿಷೆ-07-03. ದಿನ ಗೊತ್ತಿಲ್ಲದಿದ್ದರೆ ಸೊನ್ನೆ. ವರ್ಷ ಮುಂದಿದ್ದರೆ ಕಂಪ್ಯೂಟರೇ ಸಾಲಾಗಿ ಜೋಡಿಸುತ್ತದೆ. ಕೊನೆಯ 07-03 ಅಂದರೆ ಏಳನೇ ಫೈಲಿನ ಮೂರನೇ ಪುಟ. ಕಾಗದದ ಪುಟದ ಮೂಲೆಯಲ್ಲೂ ಅದೇ ನಂಬರ್ ಇರುತ್ತದೆ, ದೊಡ್ಡಮ್ಮನ ದನಿಯ ಫೈಲಿಗೂ ಅದೇ. ಪುಟಕ್ಕೆ ಕ್ಯೂಆರ್ ಕೋಡ್ ಅಂಟಿಸು ಅಂತ ತಮ್ಮನ ಮಗ ಹೇಳಿದ. ಅದು ಕರೆದುಕೊಂಡು ಹೋಗುವ ಜಾಗವೇ ನಾಳೆ ಮುಚ್ಚಿಹೋದರೆ? ನಂಬರಿಗೆ ಆ ಭಯವಿಲ್ಲ.

ಇಪ್ಪತ್ತು ವರ್ಷದ ಹಿಂದೆ ಆಫೀಸಿನಲ್ಲಿ ಕೂತು ಫೋಟೋ ಪಟ್ಟಿಯೊಂದನ್ನು ಕನ್ನಡದಲ್ಲಿ ಟೈಪ್ ಮಾಡಿದ್ದೆ. ಈಗ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆಗಿನ ಫಾಂಟು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ, ಆಗಿರಲಿಲ್ಲ. ಪರಿವರ್ತಿಸುವ ಸಾಫ್ಟ್‌ವೇರ್‌ಗೆ ಹಾಕಿ, ಕೆಟ್ಟುಹೋದ ಒತ್ತಕ್ಷರಗಳನ್ನು ಕೈಯಲ್ಲೇ ತಿದ್ದಿದೆ. ಈಗ ಎಲ್ಲವೂ ಯೂನಿಕೋಡ್. 'ಪರಿಷೆ' ಅಂತ ಹುಡುಕಿದರೆ ಪರಿಷೆ ಸಿಗುತ್ತದೆ. ನೆಂಟರು ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳುತ್ತೇನೆ. ಸಾಮಾನ್ಯವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ತಾರೀಕೂ ಅಳಿಸಿಹೋಗುತ್ತದೆ. ಎಲ್ಲದಕ್ಕೂ ಮೂರು ಪ್ರತಿ: ಮನೆಯ ಕಂಪ್ಯೂಟರು, ಒಂದು ಹಾರ್ಡ್ ಡಿಸ್ಕು, ಮೈಸೂರಿನಲ್ಲಿ ತಮ್ಮನ ಮನೆಯಲ್ಲಿ ಇನ್ನೊಂದು. ಹಳೆಯ ಡಿಸ್ಕ್ ಒಂದು ದಿನ ಟಕ್ ಟಕ್ ಅಂದು ಸುಮ್ಮನಾದ ಮೇಲೆ ಬಂದ ಬುದ್ಧಿ ಇದು.

ಇಷ್ಟಾದ ಮೇಲೆ ಪುಟ. ಸ್ಕ್ರ್ಯಾಪ್‌ಬುಕ್ ಮಾಡುವ ಅಮೆರಿಕದವರು ಹನ್ನೆರಡು ಇಂಚಿನ ಚೌಕ ಪುಟ ಬಳಸುತ್ತಾರೆ. ನನಗೆ ಎ4 ಸಾಕು. ಅದರ ಅಳತೆಯ ಫೈಲು, ಕವರು ಇಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ದಪ್ಪ ಕಾಗದವನ್ನು ಅವೆನ್ಯೂ ರೋಡಿನಿಂದ ತರುತ್ತೇನೆ. ಆಸಿಡ್ ಇಲ್ಲದ ಕಾಗದ ಅಂತಲೇ ಕೇಳಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಪಿವಿಸಿ ಬಗೆಯದು ಬೇಡ, ಪಾಲಿಪ್ರೊಪಿಲೀನ್ ಬಗೆಯದು ಆಗಬಹುದು. ಫೋಟೋಗೆ ಗೋಂದು ಮುಟ್ಟಿಸುವುದಿಲ್ಲ. ಬೆರಳಗಲದ ಕಾಗದದ ಪಟ್ಟಿಯ ಎರಡೂ ತುದಿಯನ್ನು ಕೆಳಕ್ಕೆ ಮಡಚಿದರೆ ತ್ರಿಕೋನದ ಜೇಬಾಗುತ್ತದೆ. ಅಂಥ ನಾಲ್ಕು ಜೇಬನ್ನು ಪುಟಕ್ಕೆ ಅಂಟಿಸಿ, ಫೋಟೋದ ನಾಲ್ಕು ಮೂಲೆ ತೂರಿಸುವುದು. ಬೇಕೆಂದಾಗ ಹೊರಗೆ ತೆಗೆದು ಹಿಂಬದಿ ಓದಬಹುದು. ಸೆಲ್ಲೋಟೇಪಂತೂ ಮನೆಯಲ್ಲೇ ಇಟ್ಟಿಲ್ಲ, ಅದು ಹಳದಿಯಾಗಿ ಕಲೆ ಬಿಡುತ್ತದೆ. ಅಮ್ಮ ಅನ್ನದ ಅಗುಳಲ್ಲಿ ಅಂಟಿಸಿದ್ದ ಕಡೆಯೆಲ್ಲ ಹುಳ ಔತಣ ಮುಗಿಸಿಕೊಂಡು ಹೋಗಿದೆ. ಸ್ಟಿಕ್ಕರು, ರಿಬ್ಬನ್ನು, ಮಿಂಚಿನ ಪುಡಿ ಒಂದೆರಡು ಪುಟಕ್ಕೆ ಹಾಕಿ ನೋಡಿದೆ. ಮದುವೆ ಮನೆಯ ಬೋರ್ಡಿನ ಹಾಗೆ ಕಂಡಿತು, ತೆಗೆದೆ.

ಫೈಲುಗಳನ್ನು ಬೀರುವಿನ ನಡುವಿನ ಖಾನೆಯಲ್ಲಿ ಇಟ್ಟಿದ್ದೇನೆ. ಅಟ್ಟದ ಬಿಸಿ ಬೇಡ, ನೆಲದ ತೇವ ಬೇಡ. ಮಳೆಗಾಲ ಮುಗಿದ ಮೇಲೆ ಒಂದು ದಿನ ಎಲ್ಲವನ್ನೂ ಹೊರಗೆ ತೆಗೆದು ಫ್ಯಾನ್ ಕೆಳಗೆ ಬಿಚ್ಚಿಡುತ್ತೇನೆ. ಅವತ್ತು ಮನೆಯಲ್ಲಿ ಬೇರೆ ಕೆಲಸ ನಡೆಯುವುದಿಲ್ಲ, ಎಲ್ಲರೂ ಪುಟ ತಿರುವುತ್ತಾ ಕೂತಿರುತ್ತಾರೆ.

'ಗೊತ್ತಿಲ್ಲ' ಲಕೋಟೆಯಲ್ಲಿ ಈಗ ಹದಿನಾಲ್ಕು ಫೋಟೋ ಉಳಿದಿವೆ. ಅದರಲ್ಲೊಂದು ನನ್ನ ಗೋಂದಿನ ಭಾನುವಾರದಲ್ಲಿ ಸಿಕ್ಕಿಕೊಂಡಿದ್ದು. ಹಿಂದೆ ಅಮ್ಮನ ಅಕ್ಷರದಲ್ಲಿ 'ನಾನು ಮತ್ತು' ಎಂದಷ್ಟು ಉಳಿದಿದೆ, ಮುಂದಿನದು ಕೆಂಪು ಹಾಳೆಗೆ ಹೋಯಿತು. ಇಬ್ಬರು ಹುಡುಗಿಯರು ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾರೆ. ಒಬ್ಬರು ಅಮ್ಮ. ಇನ್ನೊಬ್ಬರ ಕೈಯಲ್ಲಿ ಕೊಡೆ ಇದೆ. ಬರುವ ಶನಿವಾರ ದೊಡ್ಡಮ್ಮನಿಗೆ ಆ ಕೊಡೆಯನ್ನು ದೊಡ್ಡದು ಮಾಡಿ ತೋರಿಸಬೇಕು.