ಟಿಡಿಎಸ್ 48, ಬಾಟಲಿ ಕಪ್ಪು

ನಮ್ಮ ಮನೆ ಬಾವಿ ನೀರಿನ ಬಗ್ಗೆ ನಮಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇತ್ತು. ಉಡುಪಿ ಜಿಲ್ಲೆಯ ಒಳಗಿನ ಹಳ್ಳಿ, ಮುರಕಲ್ಲು ಕಡಿದು ತೋಡಿದ ಬಾವಿ. ಬೇಸಗೆಯಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿ. ಬೆಂಗಳೂರಿನ ನೆಂಟರು ಬಂದರೆ ಎರಡು ಲೋಟ ಗಟಗಟ ಕುಡಿದು, ಹೋಗುವಾಗ ಕ್ಯಾನಿನಲ್ಲೂ ತುಂಬಿಸಿಕೊಂಡು ಹೋಗುತ್ತಾರೆ.

ಹೀಗಿರುವಾಗ ಒಂದು ಮಾರ್ಚ್‌ನಲ್ಲಿ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದ. ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರನ್ನು ನಮ್ಮ ಲೋಟದಲ್ಲಿ ಅದ್ದಿದ. 48 ಅಂತ ಬಂತು. ಅವನ ಮುಖ ಸಣ್ಣದಾಯಿತು. ಲೀಟರಿಗೆ 500 ಮಿಲಿಗ್ರಾಂವರೆಗೆ ಪರವಾಗಿಲ್ಲ ಅಂತ ಅವನ ಕಾಗದದಲ್ಲೇ ಇತ್ತು. ಆಗ ಚೀಲದಿಂದ ಇನ್ನೊಂದು ಯಂತ್ರ ಹೊರಬಂತು. ನಾಲ್ಕು ಲೋಹದ ಕಡ್ಡಿ, ಒಂದು ಪ್ಲಗ್ಗು. ಒಂದು ಲೋಟದಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನು ತಂದ ಫಿಲ್ಟರ್ ನೀರು. ಕರೆಂಟು ಕೊಟ್ಟು ಐದು ನಿಮಿಷ ಆಗುವಷ್ಟರಲ್ಲಿ ನಮ್ಮ ಲೋಟ ಹಳದಿಯಾಗಿ, ಮೇಲೆ ಕಂದು ಕೆನೆ ಕಟ್ಟಿತು. ಅವನ ನೀರು ಹಾಗೇ ಇತ್ತು. "ನೋಡಿ ಅಮ್ಮ, ನೀವು ಕುಡಿಯೋದು ಇದನ್ನೇ" ಅಂದ. ಅತ್ತೆ ಬಾಯಿಗೆ ಸೆರಗು ಹಿಡಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ಫಿಲ್ಟರ್ ನೀರಿಗೆ ಹಾಕಿ, "ಈಗ ಇನ್ನೊಂದು ಸಲ ಮಾಡಿ" ಅಂದೆ. ಒಂದೇ ನಿಮಿಷದಲ್ಲಿ ಅವನ ಲೋಟ ಚರಂಡಿ ನೀರಿನಂತೆ ಹಸಿರುಗಂದು ಆಯಿತು. ಕೊಳೆ ನೀರಿನದಲ್ಲ, ಕಡ್ಡಿಯದು. ಕಬ್ಬಿಣ ಕರಗಿ ನೀರಿಗೆ ಬರುತ್ತದೆ, ಅಷ್ಟೆ. ಫಿಲ್ಟರ್ ನೀರಿನಲ್ಲಿ ಲವಣ ತೀರಾ ಕಡಿಮೆಯಾದ ಕಾರಣ ಅದರಲ್ಲಿ ಕರೆಂಟು ಹರಿಯುವುದೇ ಕಡಿಮೆ, ಕಡ್ಡಿ ಹೆಚ್ಚು ಕರಗುವುದೂ ಇಲ್ಲ. ಪಾಪ, ಅವನಿಗೂ ಅದು ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಮಜ್ಜಿಗೆ ಕೊಟ್ಟು ಕಳಿಸಿದೆವು.

ಅವನನ್ನು ಸೋಲಿಸಿದ ಖುಷಿಯಲ್ಲಿ ನಾನೇ ಮೋಸ ಹೋದದ್ದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು. 48, 48 ಅಂತ ಸ್ಟಾಫ್‌ರೂಮಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಮಾತ್ರ. ಅದರಿಂದ ಕರಗಿದ ಲವಣದ ಒಂದು ಅಂದಾಜು ಸಿಗುತ್ತದೆ. ಕಕ್ಕಸಿನ ನೀರಿನ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಇದ್ದರೂ ಅದರ ಮುಳ್ಳು ಅಲ್ಲಾಡುವುದಿಲ್ಲ. ನಮ್ಮ ಕಡೆ ಮುರಕಲ್ಲಿನ ಬಾವಿಗಳ ಟಿಡಿಎಸ್ ಕಡಿಮೆಯೇ ಇರುತ್ತದೆ. ವರ್ಷ ವರ್ಷ ಸುರಿಯುವ ಮಳೆ ಅಲ್ಲಿನ ಲವಣವನ್ನೆಲ್ಲ ಎಂದೋ ತೊಳೆದು ಸಮುದ್ರಕ್ಕೆ ಸೇರಿಸಿಯಾಗಿದೆ.

ಆ ಹೊತ್ತಿಗೆ ಜಲಜೀವನ್ ಮಿಷನ್ನಿನ, ಅಂದರೆ ನಮ್ಮ ರಾಜ್ಯದ 'ಮನೆ ಮನೆಗೆ ಗಂಗೆ'ಯ ನೀರು ಪರೀಕ್ಷೆ ಕಿಟ್ ಒಂದು ಪಂಚಾಯಿತಿಯಿಂದ ನಮ್ಮ ಶಾಲೆಗೂ ಬಂದಿತ್ತು. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಎಚ್‌ಟುಎಸ್ ಬಾಟಲಿ. ಸಣ್ಣ ಗಾಜಿನ ಬಾಟಲಿ, ಒಳಗೆ ಒಣಗಿದ ಪುಡಿ. ಗುರುತಿನವರೆಗೆ ನೀರು ತುಂಬಿಸಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಜೇನಿನ ಬಣ್ಣದಲ್ಲೇ ಉಳಿದರೆ ಸರಿ. ಕಪ್ಪಾದರೆ ಮಲದ ನೀರು ಸೇರಿರುವ ಸಾಧ್ಯತೆ ಜಾಸ್ತಿ. ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಅದು ಪುಡಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ.

ಮೇ ತಿಂಗಳಲ್ಲಿ ನಮ್ಮ ಬಾವಿ ನೀರು ಹಾಕಿ ನೋಡಿದೆ. ಎರಡು ದಿನ ಕಳೆದರೂ ಜೇನಿನ ಬಣ್ಣವೇ. ಹೆಮ್ಮೆ ಇನ್ನೂ ಒಂದು ಗೇಣು ಬೆಳೆಯಿತು.

ಜೂನ್ ಕೊನೆಗೆ, ಮಳೆ ಹಿಡಿದು ಹದಿನೈದು ದಿನ ಆದ ಮೇಲೆ, ಸುಮ್ನೆ ಉಳಿದಿದ್ದ ಬಾಟಲಿ ಅಂತ ಇನ್ನೊಂದು ತುಂಬಿಸಿದೆ. ಬೆಚ್ಚಗಿನ ಜಾಗ ಅಂದರೆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಂದೇ, ಅತ್ತೆ ದೋಸೆ ಹಿಟ್ಟು ಹುಳಿ ಬರಿಸುವ ಮೂಲೆ. ರಾತ್ರಿ ಎಂಟಕ್ಕೆ ಬಟ್ಟೆ ಸುತ್ತಿ ಇಟ್ಟದ್ದು, ಬೆಳಿಗ್ಗೆ ಕಂದಾಗಿತ್ತು. ಮಧ್ಯಾಹ್ನ ಎರಡಕ್ಕೆ ಟಾರಿನಷ್ಟು ಕಪ್ಪು. "ನನ್ನ ಹಿಟ್ಟಿನ ಪಕ್ಕ ಇದೆಂಥದು ಮಾರಾಯ್ತಿ" ಅಂತ ಅತ್ತೆ ಬೈದರು. ಏನು ಅಂತ ಹೇಳಿದ ಮೇಲೆ ಹಿಟ್ಟನ್ನೂ ಚೆಲ್ಲಿದರು.

ನನಗೆ ನಂಬಿಕೆ ಬರಲಿಲ್ಲ. ನನ್ನದೇ ತಪ್ಪಿರಬೇಕು ಅನ್ನಿಸಿತು. ನಿಜವಾಗಿ ತಪ್ಪಿತ್ತು ಕೂಡ. ಬಾಟಲಿಯ ಮುಚ್ಚಳ ತೆಗೆದು ಬಾವಿಕಟ್ಟೆಯ ಮೇಲೆ ಇಟ್ಟಿದ್ದೆ. ಹಗ್ಗದ ಕೊಡಪಾನದಿಂದ ಸೇದಿ ಹಾಕಿದ್ದೆ. ಆ ಕೊಡಪಾನ ಇಡೀ ದಿನ ಅಂಗಳದ ಕೆಸರಿನಲ್ಲಿ ಕೂತಿರುತ್ತದೆ, ಕೋಳಿ ಓಡಾಡುವ ಜಾಗ. ನಾನು ಪರೀಕ್ಷೆ ಮಾಡಿದ್ದು ಬಾವಿಯನ್ನೋ ಕೊಡಪಾನವನ್ನೋ?

ಹಾಗಾಗಿ ಎರಡನೇ ಸಲ ನಿಯಮ ಬಿಡಲಿಲ್ಲ. ಸೋಪು ಹಾಕಿ ಕೈ ತೊಳೆದೆ. ಅಗಲ ಬಾಯಿಯ ಸಣ್ಣ ಸ್ಟೀಲ್ ಡಬ್ಬಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟೆ. ಹೊಸ ನೈಲಾನ್ ದಾರ ಮತ್ತು ಭಾರಕ್ಕೆ ಒಂದು ಕಲ್ಲು, ಅವೂ ಅದೇ ಪಾತ್ರೆಯಲ್ಲಿ ಕುದಿದವು. ಬಾವಿಯ ಗೋಡೆಗೆ ತಾಗದ ಹಾಗೆ ನಡುವಿಗೆ ಇಳಿಸಿ, ಒಂದು ಮೊಳ ಮುಳುಗಿದ ಮೇಲೆ ಎಳೆದೆ. ಬಾಟಲಿಯ ಮುಚ್ಚಳ ಎಲ್ಲೂ ಇಡಲಿಲ್ಲ, ಬಾಯಿ ಕೆಳಗೆ ಮಾಡಿ ಕೈಯಲ್ಲೇ ಹಿಡಿದೆ. ಪಂಪಿನ ನಲ್ಲಿಯಿಂದ ಇನ್ನೊಂದು ಬಾಟಲಿ. ಅದಕ್ಕೆ ಮೊದಲು ನಲ್ಲಿಯ ಬಾಯಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟೆ. ಮೂರನೆಯದಕ್ಕೆ ಕುದಿಸಿ ಆರಿಸಿದ ನೀರು. ಈ ಮೂರನೆಯದೇ ಮುಖ್ಯ. ಅದೂ ಕಪ್ಪಾದರೆ ದೋಷ ನನ್ನ ಕೈಯದ್ದು ಅಥವಾ ಬಾಟಲಿಯದ್ದು.

ಕುದಿಸಿದ್ದು ಹಾಗೇ ಉಳಿಯಿತು. ಉಳಿದೆರಡೂ ಮಾರನೇ ದಿನ ಕಪ್ಪು.

ಎಚ್‌ಟುಎಸ್ ಬಾಟಲಿ ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ತೀರ್ಪಿಗೆ ಜಿಲ್ಲಾ ಪ್ರಯೋಗಾಲಯದಿಂದ ಕ್ರಿಮಿಶುದ್ಧ ಬಾಟಲಿ ತಂದು, ನೀರು ತುಂಬಿಸಿ, ಐಸ್ ಇಟ್ಟ ಡಬ್ಬಿಯಲ್ಲಿ ಅವತ್ತೇ ತಲುಪಿಸಿದೆ. ತಡ ಮಾಡಿದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಹೆಚ್ಚಬಹುದು, ಸಾಯಲೂಬಹುದು. ವರದಿಯಲ್ಲಿ ಇ-ಕೊಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಇತ್ತು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಕಾಣಬಾರದು. ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಮಗನಿಗೆ ಹೊಟ್ಟೆ ಕೆಡುತ್ತಿತ್ತು. ಹಲಸಿನ ಹಣ್ಣು ಜಾಸ್ತಿ ತಿಂದದ್ದಕ್ಕೆ ಅಂದುಕೊಂಡಿದ್ದೆವು. ಎಷ್ಟು ವರ್ಷ ಹಲಸಿಗೆ ಬೈದೆವೋ.

ಇನ್ನು ಎಲ್ಲಿಂದ ಬರುತ್ತಿದೆ ಅನ್ನುವ ಪ್ರಶ್ನೆ. ಬಾವಿಯ ಮೇಲುಗಡೆ, ಅಳೆದರೆ 60 ಅಡಿ ದೂರದಲ್ಲಿ, ಭಾವನ ಹೊಸ ಮನೆಯ ಕಕ್ಕಸು ಗುಂಡಿ ಇದೆ. ಗುಂಡಿಗೂ ಬಾವಿಗೂ 50 ಅಡಿ ಬಿಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಭಾವ ಬಿಟ್ಟಿದ್ದರು. ಆದರೆ ಆ ಲೆಕ್ಕ ಮಣ್ಣಿಗೆ ಸರಿ. ಮಣ್ಣು ನಿಧಾನವಾಗಿ ಸೋಸುತ್ತದೆ. ಮುರಕಲ್ಲಿನ ತುಂಬ ತೂತು. ಘಟ್ಟದ ಮೇಲಿನವರು ಇದನ್ನು ಜಂಬಿಟ್ಟಿಗೆ ಅನ್ನುತ್ತಾರೆ. ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನಲ್ಲಿ ಈ ಕಲ್ಲು ನೋಡಿ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಿನ ಇಟ್ಟಿಗೆಯಿಂದ. ಅವನಿಗೂ ನಮ್ಮ ಅಜ್ಜಂದಿರಿಗೂ ಹೊಳೆದದ್ದು ಇಟ್ಟಿಗೆಯೇ. ನನಗೆ ಮಾತ್ರ ಅದನ್ನು ನೋಡಿದರೆ ಸ್ಪಂಜಿನ ನೆನಪಾಗುತ್ತದೆ.

ಭಾವನಿಗೆ ನೇರವಾಗಿ ಹೇಳುವುದು ಹೇಗೆ? ಜಾಗ ಪಾಲಾಗಿ ನಾಲ್ಕೇ ವರ್ಷ. ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಆಗ ಉಪ್ಪು ನೆನಪಾಯಿತು, ಫಿಲ್ಟರ್ ಹುಡುಗನಿಗೆ ಹಾಕಿದ ಅದೇ ಉಪ್ಪು. ನೀರಿನ ದಾರಿ ಹುಡುಕಲು ಉಪ್ಪು ಬಿಡುವುದು ಹಳೆಯ ವಿಧಾನ. "ಭಾವ, ಒಂದು ಪ್ರಯೋಗ ಉಂಟು, ಶಾಲೆಗೆ ಬೇಕು" ಅಂದೆ. ಅರ್ಧ ಸುಳ್ಳು. ಮೊದಲು ಎರಡು ದಿನ ಬಾವಿಯ ಟಿಡಿಎಸ್ ಬರೆದುಕೊಂಡೆ. ಮಳೆಗೆ ಇಳಿದು 41, 42ರಲ್ಲಿ ನಿಂತಿತ್ತು. ಆಮೇಲೆ ಹತ್ತು ಕೆಜಿ ಕಲ್ಲುಪ್ಪು ಕರಗಿಸಿ, ಬಕೆಟ್ ಬಕೆಟ್ ಅವರ ಕಕ್ಕಸಿಗೆ ಸುರಿದೆವು.

ಅವತ್ತು ಸಂಜೆವರೆಗೆ ಏನೂ ಇಲ್ಲ. ಭಾವ ನಗುತ್ತಿದ್ದರು. ಮಾರನೇ ಬೆಳಿಗ್ಗೆ 46. ಸಂಜೆಗೆ 58. ಮೂರನೇ ದಿನ ಮಧ್ಯಾಹ್ನ 63 ಮುಟ್ಟಿ ಇಳಿಯತೊಡಗಿತು. ಅಷ್ಟು ಮಳೆ ಬೀಳುವಾಗ ಟಿಡಿಎಸ್ ಇಳಿಯಬೇಕು, ಏರಬಾರದು. ಗಟ್ಟಿ ಮಾಡಿಕೊಳ್ಳಲು ಕಿಟ್ಟಿನಲ್ಲಿದ್ದ, ಉಪ್ಪಿನ ಕ್ಲೋರೈಡ್ ಗುರುತಿಸುವ ಪರೀಕ್ಷೆಯನ್ನೂ ಮಾಡಿದೆ. ಹಳದಿ ನೀರು ಇಟ್ಟಿಗೆ ಕೆಂಪಾಗುವವರೆಗೆ ಹನಿ ಎಣಿಸುವುದು. ಮೊದಲಿಗಿಂತ ಹನಿ ಜಾಸ್ತಿ ಬೇಕಾಯಿತು. 58 ಬಂದ ಸಂಜೆ ಮೀಟರನ್ನು ಭಾವನ ಕೈಗೇ ಕೊಟ್ಟಿದ್ದೆ. ಎರಡು ಸಲ ಅದ್ದಿ ನೋಡಿ, ಏನೂ ಹೇಳದೆ ಒಳಗೆ ಹೋದರು. ವಾರದ ಮೇಲೆ ಮೇಸ್ತ್ರಿಯನ್ನು ಕರೆದುಕೊಂಡು ಬಂದರು.

ಮಳೆಗಾಲದಲ್ಲಿ ಗುಂಡಿ ಅಗೆಯಲು ಆಗುವುದಿಲ್ಲ. ಅಲ್ಲಿಯವರೆಗೆ ಎರಡೂ ಮನೆಯಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು. ಚೆನ್ನಾಗಿ ಕೊತಕೊತ ಒಂದು ನಿಮಿಷ ಕುದಿದರೆ ಸಾಕು. ಜೊತೆಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್. ಇದನ್ನು ಹಿಡಿ ಲೆಕ್ಕದಲ್ಲಿ ಬಾವಿಗೆ ಎಸೆಯುವವರೇ ಜಾಸ್ತಿ. ಬಾವಿಯ ಅಗಲ ಎರಡು ಮೀಟರ್, ನೀರಿನ ಆಳ ಮೂರು. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 0.785ರಿಂದ ಗುಣಿಸಿದರೆ 9.4 ಬರುತ್ತದೆ, ಅಂದರೆ 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 24 ಗ್ರಾಂ ಪುಡಿ. ಬಕೆಟ್ಟಿನಲ್ಲಿ ಮೊದಲು ಮುದ್ದೆಯ ಹಾಗೆ ಕಲಸಿ, ಆಮೇಲೆ ನೀರು ತುಂಬಿಸಿ ಹತ್ತು ನಿಮಿಷ ಬಿಡಬೇಕು. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಾವಿಗೆ. ಬಕೆಟ್ ಇಳಿಸಿ ಮೇಲೆ ಕೆಳಗೆ ಎತ್ತಿ ಹಾಕಿ ಕಲಕಬೇಕು. ರಾತ್ರಿ ಹಾಕಿದರೆ ಬೆಳಿಗ್ಗೆಗೆ ವಾಸನೆ ಕಡಿಮೆಯಾಗಿರುತ್ತದೆ. ಪೌಡರ್ ಹೊಸದಿರಬೇಕು. ತೇವ ತಾಗಿ ಗಂಟುಗಟ್ಟಿದ್ದರಲ್ಲಿ ಕ್ಲೋರಿನ್ ಹೆಚ್ಚೇನೂ ಉಳಿದಿರುವುದಿಲ್ಲ.

ಈ ಮಧ್ಯೆ ಕಿಟ್ಟಿನ ಪಿಎಚ್ ಪರೀಕ್ಷೆಯಲ್ಲಿ ನಮ್ಮ ನೀರು 6ಕ್ಕಿಂತ ಕೆಳಗೆ ಬಂತು. ಇರಬೇಕಾದ್ದು 6.5ರಿಂದ 8.5. ಹಿತ್ತಾಳೆ ನಲ್ಲಿಯ ಕೆಳಗೆ ಕಲ್ಲಿನ ಮೇಲೆ ನೀಲಿ-ಹಸಿರು ಕಲೆ ಯಾಕೆ ಅಂತ ಆಗ ಗೊತ್ತಾಯಿತು. ಹುಳಿ ನೀರು ತಾಮ್ರ ಕರಗಿಸುತ್ತದೆ. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವ ನನ್ನ ಅಭ್ಯಾಸಕ್ಕೆ ಅವತ್ತೇ ಕೊನೆ.

ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಸೇರಿ ಜುಲೈಯಲ್ಲಿ 14 ಬಾವಿ ನೋಡಿದೆವು, 9 ಕಪ್ಪಾದವು. ಮೊದಲ ದಿನ ಫಲಿತಾಂಶವನ್ನು ಮನೆ ಹೆಸರು ಹಾಕಿ ಬೋರ್ಡಿನಲ್ಲಿ ಬರೆದೆ. ಅದು ದೊಡ್ಡ ತಪ್ಪು. ಒಬ್ಬ ಹುಡುಗಿ ಅತ್ತಳು, ಸಂಜೆ ಅವಳ ಅಪ್ಪ ಬಂದು "ನಮ್ಮ ಬಾವಿಯ ಮರ್ಯಾದೆ ತೆಗೆದಿರಲ್ಲ ಟೀಚರೇ" ಅಂದರು. ಆಮೇಲೆ ನಂಬರ್ ಮಾತ್ರ, ಮನೆಯವರಿಗೆ ಚೀಟಿ.

ಹಟ್ಟಿಯ ಪಕ್ಕದ ಒಂದು ಬಾವಿಯಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂನ ಮಿತಿ ದಾಟಿತ್ತು, ಗೊಬ್ಬರದ ಗುಂಡಿಯ ದಯೆ. ಆ ಮನೆಯಲ್ಲಿ ಪುಡಿ ಹಾಲು ಕುಡಿಯುವ ನಾಲ್ಕು ತಿಂಗಳ ಮಗು. ಅಷ್ಟು ಚಿಕ್ಕ ಮಕ್ಕಳ ರಕ್ತದಲ್ಲಿ ನೈಟ್ರೇಟ್ ಆಮ್ಲಜನಕ ಸಾಗದಂತೆ ಮಾಡುತ್ತದೆ, ಮೈ ನೀಲಿಗಟ್ಟುತ್ತದೆ. "ನಾವು ಕುದಿಸಿಯೇ ಕೊಡುವುದು" ಅಂದರು ಮಗುವಿನ ಅಜ್ಜಿ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ. ಮಗುವಿಗೆ ಬೇರೆ ಬಾವಿಯ ನೀರು ಪರೀಕ್ಷಿಸಿ ಗೊತ್ತು ಮಾಡಿ ಬಂದೆವು. ಪಾವಗಡದಲ್ಲಿ ಪಾಠ ಮಾಡುವ ನನ್ನ ಗೆಳತಿಗೂ ಇದೇ ತಲೆನೋವು, ಅಲ್ಲಿ ಫ್ಲೋರೈಡ್. ಪರೀಕ್ಷೆಯ ನಸುಗೆಂಪು ದ್ರವ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅವಳ ಮಕ್ಕಳ ಹಲ್ಲಿನ ಕಂದು ಗೆರೆ ನೋಡಿದರೆ ಕಿಟ್ಟೇ ಬೇಡ ಅನ್ನುತ್ತಾಳೆ. ಅಲ್ಲಿ ನನ್ನ ಕಪ್ಪು ಬಾಟಲಿಯಿಂದ ಏನೂ ಉಪಯೋಗವಿಲ್ಲ. ಇಲ್ಲಿ ಅವಳ ನಸುಗೆಂಪು ದ್ರವದಿಂದ ಇಲ್ಲ.

ಜನವರಿಯಲ್ಲಿ ಭಾವ ಹಳೆ ಗುಂಡಿ ಖಾಲಿ ಮಾಡಿಸಿ ಮುಚ್ಚಿಸಿದರು. ತಳಕ್ಕೂ ಸಿಮೆಂಟ್ ಹಾಕಿದ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಕೆಳಗಿನ ತೆಂಗಿನ ತೋಟದಲ್ಲಿ. ಖರ್ಚು ಅರ್ಧ ಅರ್ಧ. ಬಾವಿಕಟ್ಟೆಯ ಬಿರುಕನ್ನೂ ಮುಚ್ಚಿಸಿದೆವು.

ಈ ಜೂನ್ ಕೊನೆಗೆ ಮತ್ತೆ ಬಾಟಲಿ ತುಂಬಿಸಿದೆ. ಈ ಸಲ ಹಿಟ್ಟಿನ ಪಕ್ಕ ಜಾಗ ಸಿಗಲಿಲ್ಲ, ಬಚ್ಚಲ ಒಲೆಯಿಂದ ಸ್ವಲ್ಪ ದೂರದಲ್ಲಿಟ್ಟೆ. ಮೊದಲ ದಿನ ಜೇನಿನ ಬಣ್ಣ. ಭಾವ ಎರಡು ಸಲ ಬಂದು ನೋಡಿಕೊಂಡು ಹೋದರು. ಎರಡನೇ ದಿನ ಮಧ್ಯಾಹ್ನ ಅಡಿಯಲ್ಲಿ ಬೂದಿ ಬಣ್ಣ, ಸಂಜೆಗೆ ಕಪ್ಪು. ಹಿಂದೆ 18 ಗಂಟೆ, ಈಗ 44. ಅಂದರೆ ಬರುವ ದಾರಿ ಒಂದಲ್ಲ.

ಭಾವನ ಮನೆಗಿಂತ ಮೇಲೆ ಇನ್ನೊಂದು ಮನೆ ಇದೆ, ನೆಂಟರಲ್ಲ. ಹತ್ತು ಕೆಜಿ ಉಪ್ಪು ತಂದಿಟ್ಟಿದ್ದೇನೆ. ಅವರ ಕಕ್ಕಸಿಗೆ ಸುರಿಯಲು ಹೇಗೆ ಕೇಳುವುದು ಅಂತ ಯೋಚಿಸುತ್ತಿದ್ದೇನೆ.