ಯಾವ ಪಿಕ್ಚರ್‌ದು ಈ ಹಾಡು?

ಯಾರಿಗಾದರೂ ಹೊಸ ಹಾಡು ಕೇಳಿಸಬೇಕು ಅನ್ನಿಸಿದರೆ ವಾಟ್ಸಾಪಿನಲ್ಲಿ ಲಿಂಕ್ ಕಳಿಸಬೇಡಿ. ಲಿಂಕ್ ಹೋಗುತ್ತದೆ, ನೀಲಿ ಗುರುತು ಬರುತ್ತದೆ, ಹಿಂದೆಯೇ "ಸೂಪರ್" ಅಂತ ಉತ್ತರವೂ ಬರುತ್ತದೆ. ಹಾಡನ್ನು ಮಾತ್ರ ಕೇಳಿರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳಿಸುವವನು. ಕಾರಿನಲ್ಲಿ, ಟೆರೇಸಿನ ಮೇಲೆ, ಆಫೀಸಿನಲ್ಲಿ ಊಟ ಮುಗಿಸಿ ಎಲ್ಲರೂ ಸುಮ್ನೆ ಕೂತಿರುವಾಗ. ಸಿನಿಮಾ ಹಾಡು ಬಿಟ್ಟು ಬೇರೆ ಕೇಳದ ಎಷ್ಟೋ ಜನರಿಗೆ ನನ್ನ ಮೆಚ್ಚಿನ ಇಂಡಿ ಹಾಡುಗಾರರನ್ನು, ಅಂದರೆ ಸಿನಿಮಾದ ಹಂಗಿಲ್ಲದೆ ತಮ್ಮ ಹಾಡು ತಾವೇ ಮಾಡಿ ಹಾಡುವವರನ್ನು, ಹೀಗೆ ಪರಿಚಯ ಮಾಡಿಸಿದ್ದೇನೆ.

ನಮ್ಮಲ್ಲಿ ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ. "ಯಾವ ಪಿಕ್ಚರ್‌ದು ಈ ಹಾಡು?" ಪಿಕ್ಚರ್‌ದಲ್ಲ ಅಂದರೆ ಮುಖದಲ್ಲಿ ಸಣ್ಣ ಅನುಮಾನ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಹಾಗಾದರೆ ಯಾಕೆ ಹಾಡಿದರು ಅನ್ನುವ ಹಾಗೆ. ಆಗ ನಾನು ಕ್ಯಾಸೆಟ್ ಕಾಲ ನೆನಪಿಸುತ್ತೇನೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತಲ್ಲ, ಅದು ಯಾವ ಪಿಕ್ಚರ್‌ದು? ಸಿ. ಅಶ್ವತ್ಥ್ ಕ್ಯಾಸೆಟ್‌ಗಳನ್ನು ನಿಮ್ಮ ಅಪ್ಪ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದಿರಲಿಲ್ವಾ? ಸಿನಿಮಾ ಇಲ್ಲದೆ ಹಾಡು ಕೇಳುವುದು ಕನ್ನಡದ ಮನೆಗಳಿಗೆ ಹೊಸದೇನಲ್ಲ. ನಡುವೆ ಬಿಟ್ಟುಹೋಗಿದೆ, ಅಷ್ಟೇ.

ಹಾಡು ಆರಿಸುವಾಗ ನಾನು ನನ್ನ ಇಷ್ಟವನ್ನು ಪಕ್ಕಕ್ಕೆ ಇಡುತ್ತೇನೆ. ರಾಕ್, ಫೋಕ್, ಫ್ಯೂಷನ್ ಅನ್ನುವ ಲೆಕ್ಕವನ್ನೂ ಬಿಡುತ್ತೇನೆ. ಎದುರಿಗಿರುವವರಿಗೆ ಮೊದಲೇ ಗೊತ್ತಿರುವುದು ಏನಾದರೂ ಆ ಹಾಡಿನಲ್ಲಿ ಇದೆಯಾ ಅಂತ ಮಾತ್ರ ನೋಡುತ್ತೇನೆ. ಒಂದು ಪದ, ಒಂದು ಊರು, ಒಂದು ಜಗಳ, ಏನಾದರೂ ಸರಿ.

ನನ್ನ ಮಾವನವರದು ಸವಣೂರು ಕಡೆ. ಊರಿನ ಭಜನಾ ಮೇಳದಲ್ಲಿ ಇವತ್ತಿಗೂ ತಾಳ ಹಿಡಿಯುತ್ತಾರೆ. ಅವರನ್ನು ಬೆಂಗಳೂರಿನಿಂದ ಊರಿಗೆ ಕರೆದುಕೊಂಡು ಹೋಗುವಾಗ ತುಮಕೂರು ದಾಟಿದ ಮೇಲೆ ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಿಂದ 'ಗುಡುಗುಡಿಯ ಸೇದಿ ನೋಡೋ' ಹಾಕಿದೆ. ಯಾರ ಹಾಡು, ಏನು ಅಂತ ಒಂದು ಮಾತೂ ಹೇಳಲಿಲ್ಲ. ಗಿಟಾರ್ ಶುರುವಾದಾಗ ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಮೊದಲ ಸಾಲು ಬಂದ ತಕ್ಷಣ ತಿರುಗಿದರು.

"ಅಳಿಯಂದ್ರ, ಇದು ನಮ್ಮ ಶರೀಫಜ್ಜನ ಪದ ಅಲ್ಲೇನ್ರೀ?"

"ಹೌದು ಮಾವ."

"ಮತ್ತ ಯಾಕ ಇಷ್ಟು ಗಡಿಬಿಡಿ ಮಾಡ್ಯಾರ ಇವ್ರು?"

ಶರೀಫರ ಶಿಶುನಾಳ ಇರುವುದು ಅದೇ ಹೆದ್ದಾರಿಯ ಶಿಗ್ಗಾವಿ ತಾಲ್ಲೂಕಿನಲ್ಲಿ. 1889ರಲ್ಲಿ ತೀರಿಕೊಂಡ ಅಜ್ಜನ ಪದಗಳು ಆ ಕಡೆಯ ಭಜನೆಗಳಲ್ಲಿ ಈಗಲೂ ಇವೆ. ಮಾವನಿಗೆ ಆ ಪದ ಬಾಯಿಪಾಠ. ಅವರ ಧಾಟಿ ಬೇರೆ, ನಿಧಾನ. ಕಾರಿನಲ್ಲಿ ಬರುತ್ತಿದ್ದದ್ದು ಡ್ರಮ್ಸ್, ಪಿಟೀಲು ಸೇರಿಸಿಕೊಂಡು ಓಡುವ ಹಾಡು. ಅವರು ತಮ್ಮ ಧಾಟಿಯಲ್ಲೇ ಗುನುಗಲು ನೋಡಿದರು, ಹಾಡು ಅವರನ್ನು ಬಿಟ್ಟು ಮುಂದೆ ಹೋಯಿತು. ಎರಡನೇ ನುಡಿಗೆ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಹಾಡಿನ ವೇಗಕ್ಕೇ. ಮುಗಿದ ಮೇಲೆ ಹೇಳಿದ್ದು ಎರಡು ಮಾತು. "ಗದ್ದಲ ಭಾಳ ಆತು. ಇನ್ನೊಮ್ಮೆ ಹಚ್ರಿ."

ಆ ದಾರಿಯಲ್ಲೇ 'ಸೋರುತಿಹುದು ಮನೆಯ ಮಾಳಿಗಿ'ಯೂ ಆಯಿತು. ಅದೂ ಅದೇ ಆಲ್ಬಮ್ಮಿನದು. ಆಮೇಲೆ ಆಫ್ ಮಾಡಿದೆ. ಒಂದು ಸಲಕ್ಕೆ ಎರಡು ಹಾಡು, ಅದಕ್ಕಿಂತ ಜಾಸ್ತಿ ಬೇಡ. ಮೂರನೆಯದನ್ನು ಅವರೇ ಕೇಳಬೇಕು. ಮಾವ ಚಿತ್ರದುರ್ಗ ಬರುವ ಹೊತ್ತಿಗೆ ಕೇಳಿದರು.

ಭಾಷೆ ಅಡ್ಡ ಬಂದರೆ ಕಷ್ಟ ಜಾಸ್ತಿ. ಆಫೀಸಿನಲ್ಲಿ ನನಗಿಂತ ಚಿಕ್ಕವನೊಬ್ಬ ಇದ್ದಾನೆ, ಮಂಡ್ಯದ ಹುಡುಗ, ಗದ್ದೆ ಇರುವ ಮನೆಯವನು. ಹಿಂದಿ ಹಾಡು ಅಂದರೆ ಎದ್ದು ಹೋಗುತ್ತಾನೆ. ಅವನಿಗೆ ನಾನು ಬೇಕಂತಲೇ ಹಿಂದಿ ಹಾಡು ಹಾಕಿದೆ: ಸ್ವರಾತ್ಮ ತಂಡದ 'ಪ್ಯಾಸಿ'. ಹಾಕುವ ಮುಂಚೆ ಒಂದೇ ವಾಕ್ಯ ಹೇಳಿದೆ. "ಇದರಲ್ಲಿ ಮಾತಾಡೋದು ಕಾವೇರಿ, ಬಾಯಾರಿಕೆ ಅಂತ ಹೇಳ್ತಿರೋದು ನದೀನೇ." ಎರಡು ರಾಜ್ಯಗಳ ಜಗಳವನ್ನು ನದಿಯ ಕಡೆಯಿಂದ ನೋಡುವ ಹಾಡು ಅದು. ಹುಡುಗ ಪೂರ್ತಿ ಕೇಳಿದ. ಕೇಳಿ ಜಗಳಕ್ಕೇ ಬಂದ. "ಕಾವೇರಿ ಬಗ್ಗೆ ಹಿಂದೀಲಿ ಯಾಕ್ ಬರೆದವ್ರೆ ಅಣ್ಣ? ನಮ್ ಊರಲ್ ಯಾರಿಗ್ ಅರ್ಥ ಆಯ್ತದೆ?" ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ 2009ರ ಆಲ್ಬಮ್ಮಿನಲ್ಲಿ 'ಈ ಭೂಮಿ' ಅಂತ ಕನ್ನಡ ಹಾಡೂ ಇದೆ ಅಂದೆ. ಅದನ್ನು ಅವನೇ ಹುಡುಕಿಕೊಂಡ. ಹಾಡಿನ ಮೇಲೆ ಜಗಳ ಆಡುವವನು ಹಾಡು ಕೇಳಿದ್ದಾನೆ ಅಂತಲೇ ಅರ್ಥ. "ಚೆನ್ನಾಗಿದೆ" ಅಂದು ಸುಮ್ಮನಾಗುವವರಿಗಿಂತ ನನಗೆ ಇವನೇ ಮೇಲು.

ಅಕ್ಕನ ಮಗನದು ಬೇರೆ ಕಥೆ. ಕಿವಿಯಿಂದ ಇಯರ್‌ಫೋನ್ ತೆಗೆಯುವುದಿಲ್ಲ, ಕೇಳುವುದೆಲ್ಲ ರ‍್ಯಾಪ್. ಅವನಿಗೆ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಹಾಡಿನ ಹೆಸರು ಮಾತ್ರ ಹೇಳಿದೆ: 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್'. ಬಿದ್ದು ಬಿದ್ದು ನಕ್ಕ. ರಾತ್ರಿ ಮೆಜೆಸ್ಟಿಕ್‌ನಿಂದ ಆಟೋ ಹಿಡಿದವರು ಯಾರು ತಾನೇ ನಗಲ್ಲ? 1996ರಿಂದ ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲಿ ಹಾಡುತ್ತಿರುವ ತಂಡ ಅದು. 2012ರಲ್ಲಿ ಆಟೋ ನೆಪದಲ್ಲಿ ಇಡೀ ಊರನ್ನೇ ಮೂರು ಡಿಸ್ಕ್‌ಗಳ ಆಲ್ಬಮ್ ಮಾಡಿದರು. ಇದನ್ನೆಲ್ಲ ಮೊದಲೇ ಹೇಳಿದ್ದರೆ ಹುಡುಗ ಇಯರ್‌ಫೋನ್ ತೆಗೆಯುತ್ತಿರಲಿಲ್ಲ. ತಂಡದ ಇತಿಹಾಸ ಯಾವತ್ತೂ ಹಾಡಿನ ನಂತರ, ಅದೂ ಕೇಳಿದರೆ ಮಾತ್ರ. "ಸಖತ್ತಾಗಿದೆ ಮಾಮ, ಈಗ ನೀನು ಇದು ಕೇಳು" ಅಂತ ಅವನು ಆಲ್ ಓಕೆ ಅನ್ನುವ ಹಾಡುಗಾರರ ಒಂದು ಕನ್ನಡ ರ‍್ಯಾಪ್ ಹಾಕಿದ. ಪೂರ್ತಿ ಕೇಳಿದೆ. ಕೇಳಿಸುವವನು ಕೇಳಲೂಬೇಕು, ಅಲ್ವಾ.

ಹಾಡು ಓಡುವಾಗ ನಾನು ಮಾತಾಡುವುದಿಲ್ಲ. "ಈಗ ಬರುತ್ತೆ ನೋಡಿ, ಈ ಜಾಗ ಕೇಳಿ" ಅನ್ನುವವರು ಪಕ್ಕದಲ್ಲಿದ್ದರೆ ಯಾವ ಹಾಡೂ ರುಚಿಸುವುದಿಲ್ಲ. ಕೇಳುವವರ ಮುಖವನ್ನೇ ನೋಡುತ್ತಾ ಕೂರುವುದೂ ಬೇಡ, ಅವರಿಗೆ ಪರೀಕ್ಷೆಗೆ ಕೂತ ಹಾಗೆ ಆಗುತ್ತದೆ. ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ದುಡ್ಡು ಕಟ್ಟದ ಯೂಟ್ಯೂಬಿನಲ್ಲಿ ಆಲಾಪ ಮುಗಿದು ಪಲ್ಲವಿ ಶುರುವಾಗುವ ಹೊತ್ತಿಗೆ ಟೂತ್‌ಪೇಸ್ಟ್ ಜಾಹೀರಾತು ಬಂದರೆ ಮುಗೀತು, ಆ ಮನಸ್ಸು ವಾಪಸ್ ಬರಲ್ಲ. ಮತ್ತೆ, ಫೋನಿನ ಸ್ಪೀಕರ್ ಬೇಡವೇ ಬೇಡ. ಅದರಲ್ಲಿ ಬೇಸ್ ಗಿಟಾರ್ ಅನ್ನುವುದು ಇದ್ದೂ ಇಲ್ಲದ ಹಾಗೆ.

ಕೆಲವು ತಂಡಗಳನ್ನು ನಾನು ಎಲ್ಲರಿಗೂ ಕೇಳಿಸುವುದಿಲ್ಲ. ಪರ್ವಾಜ್ ನನಗೆ ತುಂಬಾ ಇಷ್ಟ. ಬೆಂಗಳೂರಿನದೇ ತಂಡ, ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತಾರೆ. 2014ರ 'ಬಾರನ್' ಆಲ್ಬಮ್ಮಿನ 'ರೋಜ್ ರೋಜ್' ಕಾಶ್ಮೀರಿ ಹಾಡು. ಅದರಲ್ಲಿ ನನಗೆ ಒಂದು ಪದವೂ ತಿಳಿಯುವುದಿಲ್ಲ, ಆದರೂ ಎಷ್ಟು ಸಲ ಕೇಳಿದ್ದೇನೋ. ಇದನ್ನು ಗೊತ್ತಿರುವ ಪದದ ದಾರಿಯಲ್ಲಿ ಯಾರಿಗೂ ತಲುಪಿಸಲು ಆಗುವುದಿಲ್ಲ. ಇಂಥದ್ದಕ್ಕೆ ಕತ್ತಲು ಬೇಕು, ಉದ್ದ ದಾರಿ ಬೇಕು, ಯಾರಿಗೂ ಅವಸರ ಇರಬಾರದು. ಹಗಲು ಹೊತ್ತು ಹಾಕಿದಾಗಲೆಲ್ಲ ಯಾರಾದರೂ "ಮುಂದಿಂದು ಹಾಕೋ" ಅಂದಿದ್ದಾರೆ.

ನಿಜವಾಗಿ ಹಿಡಿಸುವುದು ಮಾತ್ರ ಹಾಡುಗಾರರ ಎದುರಿಗೆ ಕೂತು ಕೇಳಿದಾಗಲೇ. ಆದರೆ ಮೊದಲ ಸಲಕ್ಕೆ ಪಬ್ ಬೇಡ ಅನ್ನುತ್ತೇನೆ. ಎಂಟಕ್ಕೆ ಅಂತ ಹಾಕಿ ಒಂಬತ್ತೂವರೆಗೆ ಶುರು ಮಾಡುತ್ತಾರೆ, ಅಷ್ಟು ಹೊತ್ತು ನಿಂತೇ ಇರಬೇಕು, ಪಕ್ಕದ ಟೇಬಲ್‌ನವರು ಕ್ರಿಕೆಟ್ ನೋಡಿ ಕೂಗುತ್ತಿರುತ್ತಾರೆ. ಕೂತು ಕೇಳುವ ಜಾಗಕ್ಕೆ ಕರೆದುಕೊಂಡು ಹೋಗಿ. ಸಣ್ಣ ಸಭಾಂಗಣ, ರಂಗಮಂದಿರ, ಟಿಕೆಟ್ ಇಲ್ಲದ ಬಯಲು ಕಾರ್ಯಕ್ರಮವಾದರೆ ಇನ್ನೂ ಒಳ್ಳೆಯದು. ಮೊದಲ ಟಿಕೆಟ್ ನನ್ನ ಖರ್ಚು. ಎರಡನೆಯದು ಅವರದೇ, ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ.

ದುಡ್ಡಿನ ಮಾತು ಯಾಕೆ ಅಂದರೆ, ಸುಮ್ನೆ ಸ್ಟ್ರೀಮ್ ಮಾಡಿದರೆ ಹಾಡುಗಾರರಿಗೆ ಸಿಗುವುದು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿನ ರೆಕಾರ್ಡಿಂಗಿಗೆ ದುಡ್ಡೇ ಕೊಡುವುದಿಲ್ಲ. ಈಗಷ್ಟೇ ಶುರು ಮಾಡಿದ ಹುಡುಗರ ಹಾಡು ಆ ಗಡಿ ಮುಟ್ಟುವುದೇ ಕಷ್ಟ. ಹಾಡುಗಾರರೇ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಸಿಕ್ಕರೆ ಅಲ್ಲೇ ಕೊಳ್ಳುತ್ತೇನೆ, ಜಾಲತಾಣದವರು ಡಿಜಿಟಲ್ ಮಾರಾಟದಲ್ಲಿ ಹಿಡಿದುಕೊಳ್ಳುವುದು ನೂರಕ್ಕೆ 15. ಕಾರ್ಯಕ್ರಮದಲ್ಲಿ ಟೀ ಶರ್ಟ್ ಮಾರುತ್ತಿದ್ದರೆ ಅದನ್ನೂ ತಗೊಳ್ಳುತ್ತೇನೆ. ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಅದು ಬೇರೆ.

ಮಾವ ಈ ಲೆಕ್ಕಕ್ಕೆಲ್ಲ ಬಗ್ಗುವವರಲ್ಲ. "ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಡ್ರಿ" ಅಂದರು. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡಿದ್ದನ್ನೇ ಹಾಕಿ ಕೊಟ್ಟೆ. ಅದು ಭಜನಾ ಮೇಳದವರೊಬ್ಬರ ಟ್ರ್ಯಾಕ್ಟರಿಗೆ ಹೋಯಿತು, ಅಲ್ಲಿಂದ ಇನ್ನೊಬ್ಬರ ಗೂಡ್ಸ್ ಗಾಡಿಗೆ. ತಪ್ಪು ಅಂತ ಹೇಳಬಹುದಿತ್ತು, ಹೇಳಲಿಲ್ಲ. ಮುಂದಿನ ಸಲ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಕಾರ್ಯಕ್ರಮ ಆದರೆ ಎಲ್ಲರ ಕೈಲೂ ಟಿಕೆಟ್ ತೆಗೆಸುವುದು ಮಾವನ ಜವಾಬ್ದಾರಿ ಅಂದಿದ್ದೇನೆ. "ಮೊದ್ಲು ಯಾವಾಗ ಅಂತ ಹೇಳ್ರಿ" ಅಂದಿದ್ದಾರೆ.